ಅಮೆರಿಕದ ಪ್ಲೇಟು, ಚಿಮ್ಮಡದ ಪದ

ನನಗೆ ಯಾರ ಮೇಲೂ ತಟ್ಟನೆ ನಂಬಿಕೆ ಕೂರುವುದಿಲ್ಲ. ಯಾರಾದರೂ ನನ್ನೆದುರು ತೀರಾ ನಯವಾಗಿ ಮಾತಾಡಿದರೆ, ಇವರಿಗೆ ನನ್ನಿಂದ ಏನೋ ಬೇಕಾಗಿದೆ ಎಂದೇ ಮನಸ್ಸು ಮೊದಲು ಲೆಕ್ಕ ಹಾಕುತ್ತದೆ. ಮುಧೋಳದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ಹುಡುಗರು ಬೆನ್ನ ಹಿಂದೆ ನನ್ನನ್ನು ಫೌಜದಾರ ಬಾಯಿ ಎನ್ನುತ್ತಿದ್ದರೆಂದು ಗೊತ್ತು. ನಿವೃತ್ತಳಾದ ಮೇಲೂ ಈ ಗುಣ ಹೋಗಿಲ್ಲ. ಹೋದ ವಾರ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೊಬೈಲಿಗೆ ಒಂದು ಭಾಷಣ ಕಳಿಸಿದ್ದಳು. ಅಮೆರಿಕದ ಕಾವ್ಯಕ್ಕೂ ಜಾಝ್ ಸಂಗೀತಕ್ಕೂ ಇರುವ ನಂಟಿನ ಬಗ್ಗೆ ಯಾರೋ ಪಂಡಿತರು ಚೆನ್ನಾಗಿಯೇ ಮಾತಾಡಿದ್ದರು. ನಂಟು ಎಂಬ ಮಾತು ಬಂದ ಕೂಡಲೇ ನಾನು ಮೊಬೈಲು ಕೆಳಗಿಟ್ಟೆ. ನಂಟು ಎಂದಮೇಲೆ ಹೆಣ್ಣು ಕೊಟ್ಟ ಮನೆ ಯಾವುದು, ತಂದುಕೊಂಡ ಮನೆ ಯಾವುದು, ಬಂದವಳನ್ನು ಅಲ್ಲಿ ಏನೆಂದು ಕರೆಯುತ್ತಾರೆ, ಇಷ್ಟನ್ನಾದರೂ ಮೊದಲು ಕೇಳಬೇಕು. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ಬನಹಟ್ಟಿಯ ನಮ್ಮ ಮನೆಯಲ್ಲಿ ಕಲಿತೆ.

ಆ ಮನೆ ಉದ್ದಕ್ಕೆ ಹಿಂದೆ ಹಿಂದೆ ಹೋಗುತ್ತಿತ್ತು. ಬೀದಿಗೆ ನೂಲಿನ ಅಂಗಡಿ, ಅದರ ಹಿಂದೆ ಪಡಸಾಲೆ, ಅದರ ಹಿಂದೆ ಹೊಗೆ ಹಿಡಿದ ಅಡುಗೆಮನೆ, ಅದರಾಚೆ ಬಚ್ಚಲು. ಪಡಸಾಲೆಯಿಂದ ಕಟ್ಟಿಗೆಯ ನಿಚ್ಚಣಿಕೆ ಹತ್ತಿದರೆ ಮಾಳಿಗೆಯ ಮೇಲೊಂದು ಕೋಣೆ, ಅದು ಅಪ್ಪನದು. ಓಣಿಯ ತುಂಬ ಪಾವರ್‌ಲೂಮುಗಳು. ಅವುಗಳ ಖಟಪಟದಲ್ಲಿ ಎಲ್ಲರೂ ಒದರಿಯೇ ಮಾತಾಡುವುದು ರೂಢಿ. ನಡುವೆ ಕರೆಂಟು ಹೋಗಿ ಲೂಮುಗಳು ನಿಂತರೆ ಇಡೀ ಓಣಿ ತಾನಾಡುತ್ತಿದ್ದ ಮಾತಿಗೆ ತಾನೇ ಬೆಚ್ಚಿ ದನಿ ತಗ್ಗಿಸುತ್ತಿತ್ತು. ಅಂಗಡಿಯನ್ನು ನಡೆಸುತ್ತಿದ್ದವಳು ಅಪ್ಪನ ತಾಯಿ. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಅಜ್ಜ ತೀರಿದ ಮೇಲೆ ಗಾದಿಯ ಮೇಲೆ ಕೂತವಳು ಕಡೆಯವರೆಗೂ ಇಳಿಯಲಿಲ್ಲ. ಹಾಲಿನವನ ತಂಬಿಗೆಯಲ್ಲಿ ಬೆರಳು ಅದ್ದಿ ನೋಡುವಳು, ನೂಲಿನ ಲಡಿಯನ್ನು ಹಲ್ಲಿನಲ್ಲಿ ಕಚ್ಚಿ ನೋಡುವಳು, ಮಠದ ಪ್ರಸಾದವನ್ನೂ ಮೂಸಿಯೇ ಬಾಯಿಗೆ ಹಾಕಿಕೊಳ್ಳುವಳು. ಅನುಮಾನ ನಮ್ಮ ಮನೆಯಲ್ಲಿ ಉಪ್ಪಿನ ಹಾಗೆ, ಅದಿಲ್ಲದೆ ಯಾರಿಗೂ ತುತ್ತು ಇಳಿಯುತ್ತಿರಲಿಲ್ಲ.

ಅವ್ವ ಈ ಮನೆಗೆ ಬಂದದ್ದು ಚಿಮ್ಮಡದಿಂದ. ಅವಳ ತಾಯಿ ಬಸವ್ವ ಗೀಗೀ ಪದ ಹಾಡುವವಳು. ಆ ಹಾಡಿಕೆಯಲ್ಲಿ ಎರಡು ಮೇಳ ಎದುರಾಬದುರು ನಿಲ್ಲುತ್ತವೆ. ಒಂದು ಶಿವ ದೊಡ್ಡವನೆನ್ನುತ್ತದೆ, ಇನ್ನೊಂದು ಶಕ್ತಿ ದೊಡ್ಡವಳೆನ್ನುತ್ತದೆ. ಒಬ್ಬರು ಪದದಲ್ಲಿ ಸವಾಲ್ ಹಾಕಿದರೆ ಇನ್ನೊಬ್ಬರು ನಿಂತ ನಿಲುವಿನಲ್ಲಿ ಪದ ಕಟ್ಟಿ ಜವಾಬ್ ಕೊಡಬೇಕು. ಮುಂದೆ ಡಪ್ಪು ಹಿಡಿದು ಹಾಡುವವರು ಒಬ್ಬರು, ಹಿಂದೆ ತುಂತುಣಿ ಮೀಟುತ್ತ ‘ಗೀಯ ಗೀಯ ಗಾ ಗೀಯ’ ಎಂದು ದನಿಗೂಡಿಸುವವರು ಇಬ್ಬರು. ಬಸವ್ವಜ್ಜಿ ಶಕ್ತಿಯ ಕಡೆಯವಳು. ಅವ್ವ ಲಗ್ನಕ್ಕೆ ಮೊದಲು ಅವಳ ಹಿಂದೆ ನಿಂತು ದನಿಗೂಡಿಸುತ್ತಿದ್ದಳು. ಅಪ್ಪ ಅವಳನ್ನು ಕಂಡದ್ದೂ ಅಂಥ ಒಂದು ಹಾಡಿಕೆಯಲ್ಲೇ. ಆಗುವುದಾದರೆ ಇವಳನ್ನೇ ಎಂದು ಹಟ ಹಿಡಿದು ಕೂತ. ಆಯಿ ಒಪ್ಪಿದಳು, ಆದರೆ ಹೊಸ್ತಿಲು ತುಳಿದ ಮೇಲೆ ಹಾಡು ಬಂದ್ ಎಂದು ಮಾತು ಕಟ್ಟಿಸಿಕೊಂಡಳು. ಅವ್ವ ಆ ಮಾತಿಗೆ ನಿಂತಳು. ನನ್ನನ್ನು ತೊಟ್ಟಿಲಲ್ಲಿ ತೂಗುವಾಗಲೂ ಅವಳು ಬರೀ ಹ್ಞೂಂಗುಡುತ್ತಿದ್ದಳಂತೆ.

ಅಪ್ಪ ಅಂಗಡಿಗೆ ಒಗ್ಗದ ಮಗ. ಜಮಖಂಡಿಯ ಕಾಲೇಜಿನಲ್ಲಿ ಇಂಗ್ಲಿಷ್ ಮಾಸ್ತರಿಕೆ ಮಾಡುತ್ತ, ದಿನಾ ಬಸ್ಸಿನಲ್ಲಿ ಹೋಗಿಬಂದು, ಸಂಜೆ ಮಾಳಿಗೆ ಹತ್ತಿ ಕವಿತೆ ಬರೆಯುತ್ತಿದ್ದ. ಅವನ ಜೊತೆಯವರಾದ ದೇಸಾಯಿ ಮಾಸ್ತರರು ಒಮ್ಮೆ ಪುಣೆಗೆ ಹೋದವರು ಒಂದು ರಿಕಾರ್ಡ್ ಪ್ಲೇಯರನ್ನೂ ಒಂದು ಪ್ಲೇಟನ್ನೂ ತಂದು ಅಪ್ಪನ ಕೋಣೆಯಲ್ಲಿ ಇಟ್ಟರು. ತಮ್ಮ ಮನೆಯಲ್ಲಿ ಹೆಂಡತಿ ಒಡೆದುಹಾಕುತ್ತಾಳೆಂಬ ಭಯಕ್ಕೆ ಇಲ್ಲಿ ತಂದಿಟ್ಟಿದ್ದಾರೆಂದು ಆಯಿ ಅಂದಳು, ಅದು ನಿಜವೂ ಇದ್ದೀತು. ಪ್ಲೇಟಿನಲ್ಲಿ ಅಮೆರಿಕದ ಕವಿಯೊಬ್ಬ ತನ್ನ ಕವಿತೆಗಳನ್ನು ಓದುತ್ತಿದ್ದ, ಅವನೊಂದಿಗೆ ಡ್ರಮ್ಮು, ದಪ್ಪ ತಂತಿಯದೊಂದು ವಾದ್ಯ, ಮತ್ತು ಸ್ಯಾಕ್ಸಫೋನು. ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಆ ಸ್ಯಾಕ್ಸಫೋನು ಒಮ್ಮೆ ಬೈಯುವುದು, ಒಮ್ಮೆ ಮುಸುಮುಸು ಅಳುವುದು, ಒಮ್ಮೆ ಸಂತೆಯಲ್ಲಿ ಚೌಕಾಸಿ ಮಾಡುವುದು ನನಗೆ ತಿಳಿಯುತ್ತಿತ್ತು. ಆಯಿ ಮಾತ್ರ ಕೆಳಗಿನಿಂದಲೇ, ಕುಡದವರ ಮನ್ಯಾಗಿನ ಸಪ್ಪಳ ಅದು, ಎಂದು ತೀರ್ಪು ಕೊಟ್ಟಿದ್ದಳು.

ಅಪ್ಪ ನನ್ನನ್ನು ಎದುರಿಗೆ ಕೂರಿಸಿಕೊಂಡು ತಿಳಿಸಿ ಹೇಳುತ್ತಿದ್ದ. ಈ ಕವಿಗಳು ಸಾಲನ್ನು ಎಲ್ಲಿ ಮುರಿಯಬೇಕೆಂದು ಛಂದಸ್ಸಿನ ಪುಸ್ತಕ ನೋಡುವುದಿಲ್ಲ, ಊದುವವನ ಉಸಿರು ಎಲ್ಲಿ ಮುಗಿಯುತ್ತದೋ ಅಲ್ಲಿ ಮುರಿಯುತ್ತಾರೆ. ಕರಿಯರು ಹೊಲದಲ್ಲಿ, ಚರ್ಚಿನಲ್ಲಿ ಹಾಡುತ್ತಿದ್ದಾಗ ಒಬ್ಬ ಕರೆದರೆ ಉಳಿದವರು ಓಗೊಡುತ್ತಿದ್ದರು, ಅದೇ ಮುಂದೆ ಜಾಝ್ ಆಯಿತು, ಅದೇ ಕವಿತೆಯೊಳಗೂ ಬಂತು. ಒಂದು ಸಾಲು ಹೇಳಿ, ಅದನ್ನೇ ತುಸು ತಿರುವಿ ಮತ್ತೆ ಹೇಳಿ, ಮೂರನೆಯದರಲ್ಲಿ ಅದಕ್ಕೆ ಉತ್ತರ ಕೊಡುವುದು ಅವರ ದುಃಖದ ಹಾಡಿನ ಕ್ರಮ. ಇದನ್ನೆಲ್ಲ ಹೇಳುವಾಗ ಅಪ್ಪನ ಮುಖ ಬೆಳಗುತ್ತಿತ್ತು. ಅವನನ್ನು ಆಗ ನಾನು ಬಹಳ ಪ್ರೀತಿಸುತ್ತಿದ್ದೆ, ಅದನ್ನು ಇಲ್ಲಿ ಹೇಳಲೇಬೇಕು. ಒಂದು ದಿನ ಅವ್ವ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದವಳು ಕೋಣೆಯ ಬಾಗಿಲಿಗೆ ಬಂದು ನಿಂತಳು. ಬಹಳ ಹೊತ್ತು ಕೇಳಿ, ಇದರಲ್ಲಿ ಸವಾಲ್ ಹಾಕುವವನು ಯಾರು ಎಂದಳು. ಅಪ್ಪ ನಕ್ಕು, ಇದು ಸವಾಲ್ ಅಲ್ಲ, ಕವಿ ಓದುತ್ತಾನೆ, ಅವನ ಹಿಂದೆ ಊದುತ್ತಾರೆ ಎಂದ.

“ಹಿಂದ ಅಲ್ರಿ, ಎದುರಿಗೆ ಊದಾಕತ್ತಾನ. ಮಾತಾಡಾಂವ ಸೋತಾನ ನೋಡ್ರಿ, ಜವಾಬ ಸಿಗವಲ್ದು ಅವಂಗ.”

ಚಿಮ್ಮಡದವಳಲ್ಲದೆ ಬೇರೆ ಯಾರೂ ಹಾಗೆ ತಪ್ಪು ತಿಳಿಯುತ್ತಿರಲಿಲ್ಲ. ಅಲ್ಲಿ ಪಂದ್ಯ ಇರಲಿಲ್ಲ, ಸೋಲುಗೆಲುವೂ ಇರಲಿಲ್ಲ. ಆದರೆ ಅಪ್ಪ ನಗುವುದನ್ನು ನಿಲ್ಲಿಸಿ ಮುಳ್ಳನ್ನು ಎತ್ತಿ ಆ ಜಾಗಕ್ಕೇ ಮತ್ತೆ ಇಟ್ಟ. ಮುಂದಿನ ರವಿವಾರ ಅವನ ಗೆಳೆಯರು ಬಂದಾಗ ಅವ್ವ ನನ್ನ ಕೈಯಲ್ಲಿ ಚುರುಮುರಿಯ ಬುಟ್ಟಿ ಕೊಟ್ಟು, ತಾನು ಚಹಾ ಹಿಡಿದು ನಿಚ್ಚಣಿಕೆ ಹತ್ತುತ್ತಿದ್ದಳು. ಮೇಲೆ ಅಪ್ಪ ಹೇಳುತ್ತಿದ್ದುದು ಕೇಳಿಸಿತು. ಇಲ್ಲಿ ವಾದ್ಯ ಕವಿತೆಯ ಹಿಂದಿಲ್ಲ, ಎದುರಿಗಿದೆ, ಮಾತು ಸೋಲುವುದೇ ಇಲ್ಲಿಯ ಕಾವ್ಯ, ಎಂದ. ದೇಸಾಯಿ ಮಾಸ್ತರರು ವಾಹ್ ಎಂದರು, ಇದು ನಿಮಗಲ್ಲದೆ ಯಾರಿಗೂ ಹೊಳೆಯದು ಎಂದರು. ಅಪ್ಪ ಸುಮ್ಮನಿದ್ದ. ಅವ್ವ ನಿಚ್ಚಣಿಕೆಯ ನಡುವೆ ನಿಂತಳು. ಆಮೇಲೆ ಹತ್ತಿ ಹೋಗಿ ಚಹಾ ಕೊಟ್ಟು ಬಂದಳು. ಅಂದಿನಿಂದ ಅವಳು ಅಪ್ಪನನ್ನು ನೋಡುವ ರೀತಿ ಬದಲಾಯಿತು. ಆಯಿ ಹಾಲಿನ ತಂಬಿಗೆಯನ್ನು ನೋಡುತ್ತಿದ್ದಂತೆ ನೋಡತೊಡಗಿದಳು.

ಅದೇ ಹೊತ್ತಿಗೆ ಅಪ್ಪ ಅಡುಗೆಮನೆಗೆ ಬರಲು ಶುರುಮಾಡಿದ. ಅಷ್ಟು ವರ್ಷ ತನ್ನ ತಾಟು ತಾನು ತೊಳೆಯದವನು, ಸೋಮವಾರ ಆಯಿ ಮಠಕ್ಕೆ ಹೋದ ಹೊತ್ತು ನೋಡಿ, ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂರುವನು. ಅವ್ವ ರೊಟ್ಟಿ ಬಡಿಯುವಾಗ ಬಿಸಿ ರೊಟ್ಟಿಗೆ ಶೇಂಗಾಹಿಂಡಿ ಸವರಿಕೊಂಡು ತಿನ್ನುತ್ತ, ನಿಮ್ಮವ್ವ ಹಾಡುತ್ತಿದ್ದಳಲ್ಲ ಆ ಪದ, ಒಂದು ನುಡಿ ಅನ್ನು ನೋಡೋಣ ಎನ್ನುವನು. ಬೇಡ, ಮಾತು ಕೊಟ್ಟಿದ್ದೇನೆ ಎಂದು ಅವ್ವ ಮೊದಮೊದಲು ಒಪ್ಪಲಿಲ್ಲ. ಕೇಳುವವನು ಗಂಡನೇ ತಾನೆ ಎಂದು ಅವನು ಬಿಡಲಿಲ್ಲ. ಕಡೆಗೆ ಒಂದು ಸೋಮವಾರ ಅವಳು ಕಾವಲಿಯ ಮೇಲಿನ ರೊಟ್ಟಿಗೆ ನೀರು ಹಚ್ಚುತ್ತ, ಬಾಯಿ ಪೂರಾ ತೆರೆಯದೆ ಹಾಡಿದಳು. ಶಕ್ತಿ ಶಿವನನ್ನು ಕೇಳುವ ಸವಾಲ್ ಅದು. ನೀರಿಲ್ಲದ ಹೊಳಿಗೆ ದಂಡಿ ಯಾತಕ, ನಾನಿಲ್ಲದ ನಿನಗ ಹೆಸರ ಯಾತಕ, ಎಂದು ಪಲ್ಲವಿ. ಅಪ್ಪ ಕಣ್ಣು ಮುಚ್ಚಿ ಮೊಣಕಾಲ ಮೇಲೆ ಬೆರಳು ಬಡಿಯುತ್ತಿದ್ದ. ಕಡೆಯ ನುಡಿ ಬಂದಾಗ ಕಣ್ಣು ತೆರೆದು, ಇದು ಬೇಡ, ಇದರ ಹಿಂದಿನದನ್ನೇ ಇನ್ನೊಮ್ಮೆ ಅನ್ನು ಎಂದ. ಆ ಕಡೆಯ ನುಡಿಯಲ್ಲಿ ಇದ್ದದ್ದು ಅಂಕಿತ, ಅಂದರೆ ಪದ ಹುಟ್ಟಿದ ಊರು ಮತ್ತು ಕಟ್ಟಿದವರ ಹೆಸರು. ಗೀಗೀ ಮೇಳದವರಲ್ಲಿ ಅದನ್ನು ಬಿಟ್ಟು ಹಾಡುವಂತಿಲ್ಲ. ಬಿಟ್ಟರೆ ಎದುರು ಮೇಳದವರು ಎದ್ದುನಿಂತು ಕಳವಿನ ಪದ ಎಂದು ಕೂಗುತ್ತಾರೆ, ಹಾಡಿದವರ ಡಪ್ಪು ಕಸಿದುಕೊಳ್ಳುತ್ತಾರೆ. ಅವ್ವ ಇದನ್ನು ಹೇಳಿದಳು. ಈಗಿನ ಕವಿತೆಗಳಿಗೆ ಅಂಕಿತ ಇರುವುದಿಲ್ಲ ಎಂದು ಅಪ್ಪ ಹೇಳಿ ಕೈ ತೊಳೆದ. ಕವಿತೆಯ ಮಾತು ಈಗ ಯಾಕೆ ಬಂತು ಎಂದು ಅವ್ವ ಕೇಳಲಿಲ್ಲ, ನನ್ನ ಮುಖ ನೋಡಿದಳು.

ಅವಳು ಕೇಳದ ಆ ಪ್ರಶ್ನೆಗೆ ಉತ್ತರ ಒಂದು ರವಿವಾರ ಮಧ್ಯಾಹ್ನ ಸಿಕ್ಕಿತು. ನಮ್ಮ ಓಣಿಯ ಲೂಮುಗಳಿಗೆ ಅಂದು ಸೂಟಿ, ಹಾಗಾಗಿ ಮಾಳಿಗೆಯಲ್ಲಿ ಆಡಿದ್ದು ಅಡುಗೆಮನೆಯವರೆಗೂ ಕೇಳಿಸುತ್ತಿತ್ತು. ಅಪ್ಪ ಪ್ಲೇಟು ಹಚ್ಚಿ, ಸ್ಯಾಕ್ಸಫೋನು ಒಂಟಿಯಾಗಿ ಊದುವ ಜಾಗದಲ್ಲಿ ತನ್ನ ಹೊಸ ಕವಿತೆ ಓದತೊಡಗಿದ. ನೀರಿಲ್ಲದ ಹೊಳೆ, ಎಂದು ನಿಲ್ಲಿಸಿದ. ದಂಡೆ, ಎಂದು ನಿಲ್ಲಿಸಿದ. ಯಾತಕ್ಕೆ ದಂಡೆ, ಎಂದ. ಅದು ಚೆಂದ ಇತ್ತು. ಸ್ಯಾಕ್ಸಫೋನು ಆ ಸಾಲುಗಳಿಗಾಗಿಯೇ ಕಾಯುತ್ತಿದ್ದ ಹಾಗೆ ಒಳಗೆ ಹೊಕ್ಕು ಅವನ್ನು ಎತ್ತಿಕೊಂಡಿತು. ಆ ಸೊಗಸನ್ನು ನಾನು ಇಂದಿಗೂ ಅಲ್ಲಗಳೆಯಲಾರೆ. ಅವ್ವ ಎಣಗಾಯಿಯ ಬೋಗುಣಿ ಕೆಳಗಿಳಿಸಿ, ಸೆರಗಿಗೆ ಕೈ ಒರೆಸಿಕೊಂಡು, ಚಹಾ ಇಲ್ಲದೆ ಬರಿಗೈಯಲ್ಲಿ ಮೇಲೆ ಹೋದಳು. ನಾನು ಅವಳ ಬೆನ್ನಿಗೆ ಹೋದೆ. ಕವಿತೆ ಮುಗಿದು ಎಲ್ಲರೂ ತಲೆದೂಗುತ್ತಿದ್ದರು. ಅವ್ವ ಬಾಗಿಲಲ್ಲಿ ನಿಂತು ಅಪ್ಪನನ್ನು ಕೇಳಿದಳು.

“ಈ ಪ್ಲೇಟಿನ್ಯಾಗ ಊದಾಂವ ಅದಾನಲ್ರಿ, ಅವನ ಹೆಸರೇನು?”

ಅಪ್ಪ ದೇಸಾಯಿ ಮಾಸ್ತರರ ಕಡೆ ನೋಡಿದ, ಮಾಸ್ತರರು ಪ್ಲೇಟಿನ ಹೊದಿಕೆಯ ಕಡೆ ನೋಡಿದರು. ಹೊದಿಕೆಯ ಮೇಲೆ ಕವಿಯ ಮುಖ, ಕೆಳಗೆ ದಪ್ಪ ಅಕ್ಷರದಲ್ಲಿ ಅವನ ಹೆಸರು. ಮಾಸ್ತರರು ಅದನ್ನು ತಿರುವಿದರು. ಬೆನ್ನಿಗೆ ತೀರಾ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಿದ್ದವು. ಅಪ್ಪ ಕನ್ನಡಕಕ್ಕಾಗಿ ತಡಕಾಡಿದ.

“ಹುಡುಕಬ್ಯಾಡ್ರಿ. ಇಷ್ಟ ದಿನಾ ಕೇಳಿದ್ರಿ, ಅವನ ಹೆಸರ ನಿಮಗ ಬೇಕಾಗಿರಲಿಲ್ಲ.”

ಅಷ್ಟು ಹೇಳಿ ಅವಳು ಅಲ್ಲೇ ನಿಂತು ಅಪ್ಪ ಬೇಡವೆಂದಿದ್ದ ಆ ಕಡೆಯ ನುಡಿಯನ್ನು ಹಾಡಿದಳು. ಚಿಮ್ಮಡ ಊರಾಗ ಹುಟ್ಟಿದ ಪದಾ, ಬಸವ್ವ ಕಟ್ಟಿ ಹಾಡ್ಯಾಳ. ಅವ್ವನ ಪೂರಾ ದನಿ ನಾನು ಕೇಳಿದ್ದು ಅದೇ ಮೊದಲು. ಮನೆಯಲ್ಲಿ ಅಂಥದೊಂದು ದನಿ ಇಷ್ಟು ದಿನ ಇತ್ತೆಂದು ನನಗೆ ಗೊತ್ತಿರಲಿಲ್ಲ, ಹೆದರಿಕೆಯಾಯಿತು, ಹಿಗ್ಗೂ ಆಯಿತು. ಗೆಳೆಯರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡು ಹೊರಟರು.

ಅವರು ಹೋದ ಮೇಲೆ ಅಪ್ಪ ಸುಮ್ಮನೆ ತಲೆ ತಗ್ಗಿಸುವವನಲ್ಲ, ವಾದಕ್ಕೆ ನಿಂತ. ಅಮೆರಿಕದ ಈ ಸಂಗೀತದವರು ಎಲ್ಲರಿಗೂ ಗೊತ್ತಿದ್ದ ಹಳೆಯ ಹಾಡನ್ನೇ ತೆಗೆದುಕೊಂಡು ಒಡೆದು, ತಿರುವಿ, ಹೊಸದಾಗಿ ಊದುತ್ತಾರೆ, ಅದನ್ನು ಯಾರೂ ಕಳವು ಎನ್ನುವುದಿಲ್ಲ ಎಂದ. ನಿಮ್ಮವ್ವ ಆ ಪದದ ಧಾಟಿಯನ್ನು ಎಲ್ಲಿಂದ ತಂದಳು, ಮಹಾಲಿಂಗಪುರದ ಕಡೆಯ ಎದುರು ಮೇಳದವರಿಂದ ತಾನೆ ಎಂದ. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಅದು ನಿಜವಿರಬೇಕೆಂದು ನನಗೆ ಆಗಲೇ ಅನಿಸಿತು.

“ತಂದಿದ್ದು ಖರೆ. ತಂದೀನಿ ಅಂತ ಪದದಾಗ ಹೇಳ್ಯಾಳ. ನೀವು ಹೇಳಿಲ್ಲ.”

ಹಾಗೆ ಹೇಳುವ ಸಾಲು ಆ ಪದದಲ್ಲಿ ನಿಜವಾಗಿ ಇತ್ತೇ? ನನಗೆ ಅನುಮಾನ. ಬೇಸಿಗೆಯ ಸೂಟಿಯಲ್ಲಿ ಚಿಮ್ಮಡಕ್ಕೆ ಹೋದಾಗ ಬಸವ್ವಜ್ಜಿಯನ್ನೇ ಕೇಳಿದೆ. ಅವಳು ಎಲೆ ಅಡಿಕೆ ಅಗಿಯುತ್ತ ಇದೆ ಎಂದಳು, ಮಹಾಲಿಂಗಪುರದ ಗುರುವಿನ ಹೆಸರಿದ್ದ ಒಂದು ಸಾಲನ್ನು ಹಾಡಿಯೂ ತೋರಿಸಿದಳು. ಆದರೆ ಹಾಡುವ ಮುಂಚೆ ಅವಳು ಅಗಿಯುವುದನ್ನು ನಿಲ್ಲಿಸಿ ಚಾವಣಿ ನೋಡಿದ್ದಳು. ಆ ಸಾಲನ್ನು ನನ್ನೆದುರೇ ಕಟ್ಟಿದಳೆಂದು ನಾನು ಇಂದಿಗೂ ನಂಬಿದ್ದೇನೆ.

ಮುಂದೆ ನಾನು ಅಮೆರಿಕದ ಕಾವ್ಯವನ್ನು ಓದಿದೆ, ಬಹಳ ವರ್ಷ ಕಲಿಸಿದೆ. ಪ್ರತಿ ಕವಿಯ ಹತ್ತಿರವೂ ನಾನು ಕಳವಿನ ಮಾಲು ಹುಡುಕಿ ಜಡ್ತಿ ಮಾಡುವ ಪೊಲೀಸಿನವಳ ಹಾಗೆ ಹೋಗುತ್ತಿದ್ದೆ. ಜಾಝ್‌ನ ಉಸಿರು, ಅದರ ಕುಂಟುನಡಿಗೆಯ ಲಯ, ಅರ್ಥವಿಲ್ಲದ ಸ್ವರಗಳನ್ನೇ ಬಾಯಿಗೆ ಬಂದಂತೆ ಹಾಡುವ ಸೊಕ್ಕು, ಎಲ್ಲವನ್ನೂ ತೆಗೆದುಕೊಂಡು, ಆ ಸಂಗೀತದವರನ್ನು ಬರೀ ರಾತ್ರಿಯ ಬಣ್ಣವೆಂಬಂತೆ ಹಿಂದೆ ನಿಲ್ಲಿಸಿದ ಕವಿಗಳು ಸಿಕ್ಕರು. ಅದೇ ಕೇರಿಯಲ್ಲಿ ಹುಟ್ಟಿ, ಅದೇ ಹಾಡು ಕೇಳುತ್ತ ಬೆಳೆದು, ಊದುವವರ ಹೆಸರನ್ನು ಒಂದೊಂದಾಗಿ ಸಾಲಿನೊಳಗೆ ಕರೆದು ಕೂರಿಸಿದ ಕರಿಯ ಕವಿಗಳೂ ಸಿಕ್ಕರು. ಅವರನ್ನು ಓದುವಾಗ ನಾನು ಆ ಹೆಸರುಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಅವರು ಆ ಮನೆಯ ಮಕ್ಕಳೇ, ಅವರಿಗೆ ನಂಟಿನ ಮಾತೇ ಬೇಕಾಗಿರಲಿಲ್ಲ. ಉಳಿದವರ ನಂಟನ್ನು ಮಾತ್ರ ನಾನು ಅಷ್ಟು ಸಲೀಸಾಗಿ ಒಪ್ಪಲಿಲ್ಲ. ಅವರ ಕವಿತೆ ಚೆಂದ ಇದ್ದಷ್ಟೂ ನನ್ನ ಅನುಮಾನ ಹೆಚ್ಚುತ್ತಿತ್ತು.

ಅವ್ವ ಮಾಳಿಗೆಯಲ್ಲಿ ಹಾಡಿದ ಆ ವಾರ ಬನಹಟ್ಟಿಯ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಅವ್ವ ತಾಟು ಇಟ್ಟು ಹೋಗುವಳು, ಅಪ್ಪ ತಾನೇ ಬಡಿಸಿಕೊಂಡು ಉಣ್ಣುವನು, ನಾನು ನಡುವೆ ಕೂತು ಇಬ್ಬರ ಕೈಯನ್ನೂ ನೋಡುವೆನು. ಮಾತು ಮುರಿದ ಸೊಸೆಯ ಮೇಲೆ ಆಯಿ ಹರಿಹಾಯುತ್ತಾಳೆಂದು ಮೂವರೂ ಕಾದಿದ್ದೆವು. ಅವಳು ನಾಲ್ಕು ದಿನ ಎಂದಿನಂತೆ ಅಂಗಡಿ ನಡೆಸಿದಳು. ಐದನೆಯ ದಿನ ಅಂಗಡಿ ಮುಚ್ಚಿ ಉಣ್ಣಲು ಕೂತವಳು, ನಡೆದದ್ದೇನು ಸರಿಯಾಗಿ ಹೇಳು ಎಂದು ನನ್ನನ್ನು ಕೇಳಿದಳು. ನಾನು ಹೇಳಿದೆ. ಅವಳಿಗೆ ಪದವೂ ಬೇಕಿರಲಿಲ್ಲ, ಕವಿತೆಯೂ ಬೇಕಿರಲಿಲ್ಲ. ಆದರೆ ನೂಲಿನ ಪ್ರತಿ ಗಂಟಿನ ಮೇಲೂ ಅದನ್ನು ಕಳಿಸಿದ ಗಿರಣಿಯ ಹೆಸರಿನ ಛಾಪಾ ಇರುತ್ತದೆಂಬುದು ಅವಳಿಗೆ ಗೊತ್ತಿತ್ತು. ಎದುರಿಗೆ ಉಣ್ಣುತ್ತಿದ್ದ ಅಪ್ಪನ ಕಡೆ ತಿರುಗಿದಳು.

“ಮಂದಿ ಛಾಪಾ ಅಳಿಸಿ ನಮ್ಮ ಛಾಪಾ ಹೊಡಿಯೂದು ಈ ಮನಿತನದಾಗ ಯಾರೂ ಮಾಡಿಲ್ಲಪಾ. ನೀ ಸುರು ಮಾಡಬ್ಯಾಡ.”

ಅಪ್ಪ ತಾಟಿನಲ್ಲೇ ಕೈ ತೊಳೆದು ಎದ್ದ. ಮರುದಿನ ಮುಂಜಾನೆ, ಬರುವ ವಾರ ಜಮಖಂಡಿಯಲ್ಲಿ ಕವಿತಾ ವಾಚನವಿದೆ, ಅಲ್ಲಿ ಅತ್ತೆಯ ಹೆಸರು ಹೇಳಿಯೇ ಓದುತ್ತೇನೆ ಎಂದು ಯಾರ ಮುಖವನ್ನೂ ನೋಡದೆ ಹೇಳಿದ. ಅವ್ವ ನಂಬಲಿಲ್ಲ. ನಂಬದೆ ಇದ್ದುದಕ್ಕೇ ಅವಳು ಹೊರಟಳು. ಲಗ್ನದಲ್ಲಿ ಉಟ್ಟ ಇಲಕಲ್ಲ ಸೀರೆ ಉಟ್ಟು, ನನ್ನನ್ನು ಕರೆದುಕೊಂಡು, ಅಪ್ಪ ಹೋದ ಬಸ್ಸಿನಲ್ಲಿ ಹೋಗದೆ ಅದರ ನಂತರದ ಬಸ್ಸು ಹತ್ತಿದಳು.

ಕಾಲೇಜಿನ ಸಭಾಗೃಹ ಗಂಡಸರಿಂದ ತುಂಬಿತ್ತು. ನಾವು ಹಿಂದೆ ಗೋಡೆಯ ಪಕ್ಕ ಕೂತೆವು. ವೇದಿಕೆಯ ಮೇಲೆ ದೇಸಾಯಿ ಮಾಸ್ತರರು ಪ್ಲೇಟು ಹಚ್ಚಿದರು, ಅಪ್ಪ ಓದಿದ. ನೀರಿಲ್ಲದ ಹೊಳೆ ಬಂತು, ದಂಡೆ ಬಂತು, ಸ್ಯಾಕ್ಸಫೋನು ಬಂದು ಅವನ್ನು ಎತ್ತಿಕೊಂಡಿತು. ಅವ್ವನ ಕೈ ನನ್ನ ಮುಂಗೈಯನ್ನು ನೋವಾಗುವಷ್ಟು ಗಟ್ಟಿಯಾಗಿ ಹಿಡಿದಿತ್ತು. ಕಡೆಗೆ ಅಪ್ಪ ಒಂದು ಕ್ಷಣ ತಡೆದು, ಚಿಮ್ಮಡ ಊರಾಗ ಹುಟ್ಟಿದ ಪದಾ, ಬಸವ್ವ ಕಟ್ಟಿ ಹಾಡ್ಯಾಳ, ಎಂದ. ಹೇಳಿದ, ನಿಜವಾಗಿ ಹೇಳಿದ. ನನ್ನ ಕಣ್ಣಲ್ಲಿ ನೀರು ಬಂತು. ಸಭೆ ಚಪ್ಪಾಳೆ ತಟ್ಟಿತು. ಅಧ್ಯಕ್ಷರು ಎದ್ದು, ಈ ಬಸವ್ವ ಎಂಬ ಪಾತ್ರವನ್ನು ಕವಿ ಎಷ್ಟು ಜೀವಂತವಾಗಿ ಸೃಷ್ಟಿಸಿದ್ದಾರೆ, ಚಿಮ್ಮಡದಂಥ ಪುಟ್ಟ ಹಳ್ಳಿಯನ್ನು ಪ್ರತಿಮೆಯಾಗಿ ಬಳಸಿದ ಜಾಣತನ ನೋಡಿ ಎಂದರು. ಚಪ್ಪಾಳೆ ಮೊದಲಿಗಿಂತ ಜೋರಾಯಿತು. ಅಪ್ಪ ಕೈ ಮುಗಿದುಕೊಂಡು ನಿಂತಿದ್ದ. ಬಾಯಿ ತೆರೆದನೋ, ಬರೀ ಉಸಿರು ಎಳೆದುಕೊಂಡನೋ ನನಗೆ ಹಿಂದಿನಿಂದ ತಿಳಿಯಲಿಲ್ಲ. ಅವ್ವ ನನ್ನ ಕೈ ಬಿಟ್ಟಳು. ಬಿಟ್ಟು ಎದ್ದು ನಿಂತಳು. ಸಾಲುಸಾಲಾಗಿ ತಲೆಗಳು ಹಿಂದಕ್ಕೆ ತಿರುಗಿದವು.

“ಬಸವ್ವ ಪಾತ್ರ ಅಲ್ರಿ. ನಮ್ಮವ್ವ. ಚಿಮ್ಮಡದಾಗ ಅದಾಳ, ಇವತ್ತ ಬೇಕಾದ್ರ ಹೋಗಿ ಕೇಳ್ರಿ, ಹಾಡತಾಳ.”

ಪ್ಲೇಟು ಮುಗಿದು ಮುಳ್ಳು ಬರೀ ಕರಕರ ಎನ್ನುತ್ತಿತ್ತು. ಅಪ್ಪ ವೇದಿಕೆಯಿಂದ ಅವಳನ್ನೇ ನೋಡುತ್ತ, ಖರೆ ಐತಿ, ಅಕಿ ನಮ್ಮತ್ತಿ, ಪದಾ ಅಕೀದು, ಎಂದ. ಅವನ ಮುಖದ ಮೇಲೆ ಒಂದು ನೆಮ್ಮದಿ ಇದ್ದಂತಿತ್ತು. ಬಸ್‌ಸ್ಟ್ಯಾಂಡಿಗೆ ಮೂವರೂ ಕೂಡಿಯೇ ನಡೆದೆವು. ಅವ್ವ ಏಳದೆ ಇದ್ದಿದ್ದರೂ ತಾನು ಹೇಳಿಯೇ ಹೇಳುತ್ತಿದ್ದೆ, ಆ ಮಾತು ಬಾಯಿಗೆ ಬಂದಿತ್ತು ಎಂದು ಅಪ್ಪ ದಾರಿಯಲ್ಲಿ ಅಂದ. ಸಾಯುವವರೆಗೂ ಹಾಗೆಯೇ ಅನ್ನುತ್ತಿದ್ದ. ಅವನನ್ನು ನಂಬಲು ನನಗೆ ಬಹಳ ಆಸೆ, ಆದರೆ ಆ ಸಭಾಗೃಹದಲ್ಲಿ ಚಪ್ಪಾಳೆ ಎಷ್ಟು ಹೊತ್ತು ನಡೆಯಿತು, ಅಷ್ಟು ಹೊತ್ತೂ ಅವನು ಕೈ ಮುಗಿದೇ ನಿಂತಿದ್ದ ಎಂಬುದು ನನಗಿನ್ನೂ ನೆನಪಿದೆ.